ಬೂದಿರಾಯನ ಕೆಮ್ಮು

ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನ ಹಿಂದಿದ್ದ ಕಾರ್ಖಾನೆ ಕಾಲೋನಿಯಲ್ಲಿ ಬೂದಿರಾಯನನ್ನು ಅರಿಯದವರಿರಲಿಲ್ಲ. ಮಕ್ಕಳ ವಾರಪತ್ರಿಕೆಯೊಂದರ ಚಿತ್ರಕಥೆಯ ಖಳನಾಯಕ ಅವನು. ಮೈತುಂಬ ಬೂದಿ, ಕೆಂಡದಂಥ ಕಣ್ಣು, ಊರಿಗೆ ಬೆಂಕಿಯಿಟ್ಟು ಗಹಗಹಿಸಿ ನಗುವ ಚಟ. ಕಾಲೋನಿಯವರು ಅವನನ್ನು ಪುಸ್ತಕದಿಂದ ಎತ್ತಿ ತಂದು ರಾಜ್ಯೋತ್ಸವದ ನಾಟಕದಲ್ಲಿ ನಿಲ್ಲಿಸಿದ್ದರು. ಊರು ಕಾಯುವ ನಾಯಕನ ಪಾರ್ಟು ಯಾರು ಮಾಡಿದರೆಂಬುದು ಮಾರನೆಯ ದಿನಕ್ಕೇ ಮರೆತುಹೋಗುತ್ತಿತ್ತು. ಬೂದಿರಾಯನ ಪಾರ್ಟು ಮಾಡಿದವನು ಮಾತ್ರ ಸತ್ತ ಮೇಲೂ ಜನರ ಬಾಯಲ್ಲಿ ಉಳಿಯುತ್ತಿದ್ದ. ಸೀತಮ್ಮನ ಗಂಡ ಹಯಗ್ರೀವ ಹಾಗೆ ಉಳಿದವನು.

ಹಯಗ್ರೀವ ಲೆಕ್ಕಪತ್ರ ವಿಭಾಗದ ಗುಮಾಸ್ತ. ಸಾರಿಗೆ ಉಪ್ಪು ಬೀಳದಿದ್ದರೂ ತುಟಿಪಿಟಕ್ಕೆನ್ನದೆ ಉಂಡು ಏಳುವ ಪ್ರಾಣಿ. ಶಿವಾಜಿನಗರದಿಂದ ಬಣ್ಣದ ಪೆಟ್ಟಿಗೆ ಹೊತ್ತು ಬರುತ್ತಿದ್ದ ಲತೀಫ್ ಸಾಹೇಬರು ಅವನ ಮುಖಕ್ಕೆ ಬಿಳಿ ಮೆತ್ತಿದರೆಂದರೆ ಮುಗಿಯಿತು, ಆಸಾಮಿ ಬೇರೆಯೇ. ತೊಂಬತ್ತೈದರ ನವೆಂಬರಿನಲ್ಲಿ ಊರು ಸುಡುವ ದೃಶ್ಯದಲ್ಲಿ ಅವನ ನಗು ನಡುವೆ ತುಂಡಾಗಿ ಕೆಮ್ಮು ಬಂತು. ಎದೆ ಹಿಡಿದು ಬಾಗಿದ. ಕೆಮ್ಮಿ ಕೆಮ್ಮಿ ತಲೆಯೆತ್ತಿದವನು ಮತ್ತೆ ನಕ್ಕ. ಶಾಮಿಯಾನ ಹಾರಿಹೋಗುವಷ್ಟು ಚಪ್ಪಾಳೆ. ತಾನು ಹಾರಿಸಿದ ಬೂದಿಗೆ ತಾನೇ ಕೆಮ್ಮುವ ರಾಕ್ಷಸ, ಆಹಾ, ಎಂಥ ಕಲ್ಪನೆ ಎಂದು ಕಾರ್ಖಾನೆಯ ದೊಡ್ಡ ಸಾಹೇಬರೇ ಬೆನ್ನು ತಟ್ಟಿದರು.

ಸೀತಮ್ಮನೂ ಚಪ್ಪಾಳೆ ತಟ್ಟಿದ್ದಳು. ಅವಳಿಗೆ ಆ ಕೆಮ್ಮು ಹೊಸದಲ್ಲ. ದಸರೆಗೂ ಮುಂಚಿನಿಂದ ಬಚ್ಚಲಮನೆಯಲ್ಲಿ ಕೇಳುತ್ತಿತ್ತು.

“ಏನ್ರೀ ಅದು, ಇಷ್ಟೊಂದು ಕೆಮ್ತೀರ?” ಎಂದು ಕೇಳಿದ್ದಳು.

“ಪ್ರಾಕ್ಟೀಸ್ ಕಣೇ,” ಎಂದಿದ್ದ.

ಅವಳು ನಂಬಿದಳು. ನಂಬಿದ್ದಷ್ಟೇ ಅಲ್ಲ, ನಮ್ಮನೆಯವರು ಸ್ನಾನ ಮಾಡುವಾಗಲೂ ಪಾರ್ಟು ಬಿಡುವುದಿಲ್ಲ ಎಂದು ನಲ್ಲಿಯ ಹತ್ತಿರ ಹೆಮ್ಮೆಯಿಂದ ಹೇಳಿಕೊಂಡಳು. ನಾಟಕ ಮುಗಿದರೂ ಪ್ರಾಕ್ಟೀಸ್ ಮುಗಿಯಲಿಲ್ಲ. ಸಂಕ್ರಾಂತಿ ಕಳೆದ ಮೇಲೆ ಟವೆಲಿನಲ್ಲಿ ರಕ್ತ ಕಂಡಿತು. ಎಕ್ಸ್‌ರೇ ನೋಡಿದ ಡಾಕ್ಟರು, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ನಾಟಕ ಎನ್ನಲು ಬಾಯಿ ಬರಲಿಲ್ಲ. ಆ ಮಳೆಗಾಲದಲ್ಲೇ ಹಯಗ್ರೀವ ತೀರಿಕೊಂಡ.

ಸೀತಮ್ಮ ಅಳಲಿಲ್ಲ. ಅಳಲಿ ಎಂದು ನೆಂಟರು ಕಾದರು, ಕಾದು ಬೇಸತ್ತು ಊರಿಗೆ ಹೋದರು. ಅವಳ ಒಳಗೆಲ್ಲ ತಲೆಯಡಿ ಇಟ್ಟುಕೊಂಡು ಮಲಗಿದ ಕೈಯ ಹಾಗೆ ಜೋಮು ಹಿಡಿದಿತ್ತು. ಗಂಡನ ಬದಲಿಗೆ ಕಾರ್ಖಾನೆಯವರು ಅವಳಿಗೆ ಟಪಾಲು ವಿಭಾಗದಲ್ಲಿ ಕೆಲಸ ಕೊಟ್ಟರು. ಕ್ವಾರ್ಟರ್ಸ್ ಉಳಿಯಿತು. ಲಕೋಟೆಗಳಿಗೆ ಮೊಹರು ಹಾಕಿದಳು, ಮಗ ಭಾರ್ಗವನನ್ನು ಶಾಲೆಗೆ ಕಳಿಸಿದಳು, ಹಬ್ಬಕ್ಕೆ ಒಬ್ಬಟ್ಟು ತಟ್ಟಿದಳು. ಖುಷಿಯೂ ಇಲ್ಲ, ದುಃಖವೂ ಇಲ್ಲ.

ಬೂದಿರಾಯನ ಪಾರ್ಟು ಪ್ರೇಮ್‌ಕುಮಾರನಿಗೆ ಹೋಯಿತು. ಕಾಲೋನಿ ಎದ್ದದ್ದೇ ಅವನ ತಾತನ ರಾಗಿ ಹೊಲದ ಮೇಲೆ. ಈಗ ಅವನು ಬಾಡಿಗೆ ಮನೆಗಳ ಧಣಿ, ಶಾಮಿಯಾನದ ಖರ್ಚೂ ಅವನದೇ. ಒಳ್ಳೆಯ ಮನುಷ್ಯ, ಆದರೆ ಏನು ಮಾಡಿದರೂ ಒಂದು ಹಿಡಿ ಜಾಸ್ತಿ. ಹಯಗ್ರೀವನ ಕೆಮ್ಮನ್ನು ಭಕ್ತಿಯಿಂದ ಎತ್ತಿಕೊಂಡು, ಅದಕ್ಕೆ ಎರಡು ಸುತ್ತು ಸೇರಿಸಿ, ಕೊನೆಗೊಮ್ಮೆ ಉಗುಳುತ್ತಿದ್ದ. ಜನ ಶಿಳ್ಳೆ ಹಾಕುತ್ತಿದ್ದರು. ಕ್ಯಾಂಟೀನಿನಲ್ಲಿ ಮಾತ್ರ ಪ್ರತಿ ವರ್ಷ ಅದೇ ಪಂಚಾಯ್ತಿ.

“ಹಯಗ್ರೀವ ಸಾರ್ ಕೆಮ್ಮು ಹೊಟ್ಟೆ ಒಳಗಿಂದ ಬರ್ತಿತ್ತು ಗುರು. ಇವನ್ದು ಬರೀ ಗಂಟಲು.”

“ಆದ್ರೂ ಪ್ರೇಮಣ್ಣಂದು ಗತ್ತು ಬೇರೆ ಬಿಡು.”

ತೀರ್ಪಿಗೆ ಸೀತಮ್ಮನ ಹತ್ತಿರ ಬರುತ್ತಿದ್ದರು. “ನೀವೇ ಹೇಳಿ ಸೀತಮ್ನೋರೆ, ಯಾರ್ದು ಚೆನ್ನಾಗಿತ್ತು?”

“ಇಬ್ರದೂ ಚೆನ್ನಾಗಿತ್ತು,” ಎಂದು ಅವಳು ಮೊಹರು ಒತ್ತುತ್ತಿದ್ದಳು. ಅವರ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಚಪ್ಪಾಳೆ ತಟ್ಟಿದವರಲ್ಲಿ ತಾನೂ ಒಬ್ಬಳಲ್ಲವೇ?

ಎರಡು ಸಾವಿರದ ಏಳರಲ್ಲಿ ಪ್ರೇಮ್‌ಕುಮಾರನ ಹೊಟ್ಟೆ ಬೂದಿರಾಯನ ನಿಲುವಂಗಿಯೊಳಗೆ ಹಿಡಿಸಲಿಲ್ಲ. ಪಾರ್ಟು ಭಾರ್ಗವನಿಗೆ ಬರಲಿ, ಅಪ್ಪನ ಆಸ್ತಿ ಮಗನಿಗೆ ಎಂದು ಅವನೇ ಮುಂದೆ ನಿಂತು ಕೊಡಿಸಿದ. ಭಾರ್ಗವ ಇಂದಿರಾನಗರದ ಕೊರಿಯರ್ ಆಫೀಸೊಂದಕ್ಕೆ ಹೋಗುತ್ತಿದ್ದ. ಅಪ್ಪನ ನಾಟಕ ಅವನಿಗೆ ಮಸುಕು ಮಸುಕು. ನೋಡಿ ಕಲಿತದ್ದೆಲ್ಲ ಪ್ರೇಮ್‌ಕುಮಾರನಿಂದ.

ಒಂದು ಭಾನುವಾರ ಬೆಳಿಗ್ಗೆ ಸೀತಮ್ಮ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಗ ಬಚ್ಚಲಮನೆಯಿಂದ ಕೆಮ್ಮು ಕೇಳಿತು. ಅವಳ ಕೈ ನಿಂತಿತು.

“ಭಾರ್ಗವಾ, ಏನೋ ಅದು?”

“ಪ್ರಾಕ್ಟೀಸ್ ಅಮ್ಮ.”

ಬಾಗಿಲು ಬಡಿದು ಅವನನ್ನು ಒದ್ದೆ ಮೈಯಲ್ಲೇ ಹೊರಗೆ ಕರೆದಳು. “ಬೂದಿರಾಯ ಕೆಮ್ಮಲ್ಲ ಕಣೋ,” ಎಂದಳು. “ಆ ಕಥೆ ಪೂರ್ತಿ ಓದಿದೀನಿ. ಎಲ್ಲೂ ಒಂದ್ಸಲಾನೂ ಕೆಮ್ಮಲ್ಲ.”

“ಮತ್ತೆ ಅಪ್ಪ ಮಾಡ್ತಿದ್ರಲ್ಲ?”

“ಅಪ್ಪ ಮಾಡ್ತಿರ್ಲಿಲ್ಲ. ಅಪ್ಪಂಗೆ ಬರ್ತಿತ್ತು.”

ಭಾರ್ಗವ ತಲೆಯಿಂದ ನೀರು ಸುರಿಸುತ್ತಾ ಅಲ್ಲೇ ನಿಂತ. ಅವಳು ಒಳಗೆ ಹೋಗಿ ಸೊಪ್ಪು ಬಿಡಿಸಿದಳು.

ನಾಟಕದ ಸಂಜೆ ಅವಳು ಮುಂದಿನ ಸಾಲಿನಲ್ಲಿ ಕೂತಿದ್ದಳು. ಊರು ಸುಡುವ ದೃಶ್ಯ ಬಂತು. ಭಾರ್ಗವ ನಕ್ಕ. ಎಲ್ಲಿಯೂ ತುಂಡಾಗದ, ಉದ್ದನೆಯ, ಸಪ್ಪೆ ನಗು. ಜನ ಕಾದರು. ನಗು ಮುಗಿಯಿತು, ಕೆಮ್ಮು ಬರಲಿಲ್ಲ.

“ಕೆಮ್ಮು ಎಲ್ಲಿ ಮಗಾ?” ಎಂದು ಹಿಂದಿನಿಂದ ಯಾರೋ ಕೂಗಿ, ತಾನೇ ಕೆಮ್ಮಿ ತೋರಿಸಿದ. ಪಕ್ಕದವನು ಕೆಮ್ಮಿದ. ಆಮೇಲೆ ಹೇಳುವುದೇ ಬೇಡ, ಹೆಂಗಸರು ಮಕ್ಕಳೆನ್ನದೆ ಇಡೀ ಶಾಮಿಯಾನ ನಗುತ್ತಾ ಕೆಮ್ಮತೊಡಗಿತು. ಕೆಲವರದು ಪ್ರೇಮ್‌ಕುಮಾರನ ಕೆಮ್ಮು. ಹಳಬರದು ಹಯಗ್ರೀವನದು, ಅದೇ ಎಳೆತ, ಅದೇ ಬಿಕ್ಕು. ಸೀತಮ್ಮ ತನ್ನ ಗಂಡನ ಕಾಯಿಲೆಯ ನಡುವೆ ಕೂತಿದ್ದಳು. ಭಾರ್ಗವ ಅವಳನ್ನೊಮ್ಮೆ ನೋಡಿದ. ಆಮೇಲೆ ಮತ್ತೆ ನಕ್ಕ, ಅದೇ ಸಪ್ಪೆ ನಗು. ಜನ ಸುಸ್ತಾಗಿ ಸುಮ್ಮನಾಗುವವರೆಗೂ ನಗುತ್ತಲೇ ಇದ್ದ. ಜೋಮು ಬಿಡುವಾಗ ಸೂಜಿ ಚುಚ್ಚಿದಂತಾಗುತ್ತದಲ್ಲ, ಅವಳಿಗೆ ಎದೆಯಲ್ಲಿ ಹಾಗಾಯಿತು.

ಮೂರು ಬೂದಿರಾಯರಲ್ಲಿ ಭಾರ್ಗವನದೇ ಕಳಪೆ ಎಂಬುದು ನಾಟಕ ಮುಗಿಯುವ ಮೊದಲೇ ತೀರ್ಮಾನವಾಗಿತ್ತು. ಪರದೆ ಬಿದ್ದ ಮೇಲೆ ಪ್ರೇಮ್‌ಕುಮಾರ ಮುಖ ಸಣ್ಣದು ಮಾಡಿಕೊಂಡು ಅವಳ ಹತ್ತಿರ ಬಂದ.

“ಬೇಜಾರ್ ಮಾಡ್ಕೋಬೇಡಿ ಸೀತಮ್ನೋರೆ. ನಾನು ಅಷ್ಟೊಂದ್ ಹೇಳ್ಕೊಟ್ಟಿದ್ದೆ. ಹುಡುಗ ಕೆಮ್ಲೇ ಇಲ್ಲ ನೋಡಿ.”

“ಅವನಿಗೆ ಕೆಮ್ಮಿಲ್ಲಪ್ಪ,” ಎಂದಳು ಸೀತಮ್ಮ. “ಕೆಮ್ಮಿದ್ದದ್ದು ಅವರಪ್ಪಂಗೆ.”

ಪ್ರೇಮ್‌ಕುಮಾರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು.