ಅತ್ತೆಗೆ ಎರಡು ಹಡಗು

ಹಡಗಿನ ಪ್ರವಾಸದ ಮಾತನ್ನು ನಮ್ಮ ಮನೆಯಲ್ಲಿ ಮೊದಲು ಎತ್ತಿದ್ದು ಮಕ್ಕಳಲ್ಲ, ನನ್ನ ಅತ್ತೆ. ಎಪ್ಪತ್ತು ದಾಟಿದ ಹೆಂಗಸು. ಅವರ ನೆಂಟಸ್ತನವೆಲ್ಲ ಈಚೆಗೆ ತುರುವೇಕೆರೆ, ಆಚೆಗೆ ಹಾಲ್ಕುರಿಕೆ, ಅಷ್ಟರೊಳಗೇ ಮುಗಿಯುತ್ತದೆ. ಒಂದು ಸಂಜೆ ನನ್ನ ಮಗಳು ಮೊಬೈಲಿನಲ್ಲಿ ಯಾವುದೋ ಹಡಗಿನ ವಿಡಿಯೊ ನೋಡುತ್ತಿದ್ದಳು. ಉದ್ದನೆಯ ಊಟದ ಹಾಲ್, ಈಜುಕೊಳ, ಸುತ್ತ ಬರೀ ನೀರು. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಇದ್ರಿಂದ ಮಧ್ಯದಾಗೆ ಇಳಿಯಾಕಾಗಲ್ವೇನೇ?”

“ಆಗಲ್ಲಜ್ಜಿ, ಸಮುದ್ರ ಅಲ್ವಾ!”

“ಹಂಗಾದ್ರೆ ನಮ್ಮನ್ನೆಲ್ಲ ಒಂದ್ಸಲ ಇದ್ರಾಗೆ ಕರ್ಕೊಂಡ್ ಹೋಗಿ.”

ಮಗಳು ನಕ್ಕಳು. ನನಗೆ ನಗು ಬರಲಿಲ್ಲ, ಯಾಕೆಂದರೆ ಆ ಪ್ರಶ್ನೆಯ ಹಿಂದೆ ಏನಿದೆ ಎಂದು ನನಗೆ ಗೊತ್ತಿತ್ತು. ಅತ್ತೆಗೆ ಇಬ್ಬರು ಗಂಡುಮಕ್ಕಳು. ದೊಡ್ಡವರು ನನ್ನ ಭಾವ, ಚಿಕ್ಕವರು ನಮ್ಮನೆಯವರು. ಇಬ್ಬರೂ ಕೊಬ್ಬರಿ ವ್ಯಾಪಾರಸ್ಥರು. ಕೆಲವು ವರ್ಷಗಳ ಹಿಂದೆ ಜಗಳವಿಲ್ಲದೆ ಭಾಗವಾಯಿತು. ತೋಟ ಅರ್ಧ ಅರ್ಧವಾಯಿತು, ಮಂಡಿ ಒಂದಿದ್ದದ್ದು ಎರಡಾಯಿತು. ಅತ್ತೆ ಇರುವುದು ನಮ್ಮ ಜೊತೆ; ಭಾವನ ಮನೆ ನಮ್ಮ ಹಿಂದಿನ ಬೀದಿ, ಒಗ್ಗರಣೆ ಹಾಕಿದರೆ ಘಮ ಬರುವಷ್ಟು ಹತ್ತಿರ. ಮಾತುಕತೆ ಇದೆ, ಹೋಗಿಬರುವುದಿದೆ. ಆದರೆ ಇಬ್ಬರೂ ಒಂದೇ ಮಾರುಕಟ್ಟೆಯಲ್ಲಿ, ಒಂದೇ ರೈತರ ಒಂದೇ ಲಾಟಿಗೆ, ಅಂದರೆ ಹರಾಜಿಗಿಟ್ಟ ಒಂದೇ ರಾಶಿಗೆ, ಎದುರುಬದುರಾಗಿ ರೇಟು ಹಾಕುವವರು. ಕಳೆದ ಯುಗಾದಿಗೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತಿದ್ದೆವು. ಹೋಳಿಗೆ ಬಡಿಸುವ ಹೊತ್ತಿಗೆ ಹಂದನಕೆರೆ ಕಡೆಯ ಯಾರೋ ರೈತರ ಫೋನು ಬಂದು ಭಾವ ಎದ್ದುಹೋದರು. ತಿಂಗಳುಗಟ್ಟಲೆ ಒಣಗಿದ ಯಾವುದೋ ಒಳ್ಳೆಯ ಕೊಬ್ಬರಿ ಅಟ್ಟದಿಂದ ಇಳಿದಿರಬೇಕೆಂದು ಎರಡು ನಿಮಿಷಕ್ಕೆ ನಮ್ಮನೆಯವರೂ ಎದ್ದರು. ಅತ್ತೆ ತುಪ್ಪದ ಬಟ್ಟಲು ಹಿಡಿದುಕೊಂಡು ನಿಂತೇ ಇದ್ದರು.

ಮಕ್ಕಳಿಬ್ಬರೂ ಎದ್ದು ಹೋಗಲಾಗದ ಜಾಗವೊಂದು ಅವರಿಗೆ ಬೇಕಾಗಿತ್ತು. ಅದು ಹಡಗಾಗಿ ಸಿಕ್ಕಿತು.

ಅವರ ಆಸೆಯನ್ನು ಎರಡೂ ಮನೆಯವರು ಒಪ್ಪಿಕೊಂಡರು. ರೇಟು ನೋಡುವ ಕೆಲಸ ನನ್ನ ಪಾಲಿಗೆ ಬಂತು. ಹಾಲಿನವನು ಯಾವತ್ತು ಬರಲಿಲ್ಲ, ಮೊದಲ ಅವರೆಕಾಯಿ ಯಾವತ್ತು ಬಂತು, ಅತ್ತೆಯ ಮಾತ್ರೆ ಯಾವತ್ತು ಬದಲಾಯಿತು ಎಂದು ಬರೆದಿಡುವ ನೋಟ್‌ಬುಕ್ಕು ನನ್ನದೊಂದಿದೆ. ಅದರ ಹಿಂಬದಿಯಿಂದ ನಾಲ್ಕು ಹಾಳೆಗೆ ಅಡ್ಡ ಉದ್ದ ಗೆರೆ ಹೊಡೆದೆ. ಮಗಳು ಓದಿ ಹೇಳುತ್ತಿದ್ದಳು, ನಾನು ಬರೆಯುತ್ತಿದ್ದೆ.

ಮೂರು ಕಂಪನಿ ಸಿಕ್ಕವು. ಒಂದು ಮುಂಬೈಯಿಂದ ಹೊರಡುವ ದೊಡ್ಡ ಹಡಗು. ಇನ್ನೊಂದು ಕೊಚ್ಚಿಯಿಂದ ದ್ವೀಪದ ಕಡೆ ಹೋಗಿಬರುವ ಸಣ್ಣದು. ಮೂರನೆಯದು ಸಿಂಗಪುರದ್ದು, ಅದರಲ್ಲಿ ಗೊಂಬೆ ವೇಷದವರು ಮಕ್ಕಳ ಕೈ ಕುಲುಕುತ್ತಾರೆಂದು ಭಾವನ ಚಿಕ್ಕ ಮಗನಿಗೆ ಅದೇ ಬೇಕಾಗಿತ್ತು. ಹೊರಗಿನ ರೇಟು ನೋಡಿದರೆ ಮೂರೂ ಅಗ್ಗವೆನ್ನಿಸುತ್ತಿತ್ತು. ಒಳಗೆ ಹೋದಹಾಗೆ ಒಂದೊಂದೇ ಹೊರಬಂತು. ಬಂದರಿನ ತೆರಿಗೆ ಬೇರೆ. ರಾತ್ರಿಗಿಷ್ಟೆಂದು ಕೆಲಸದವರ ಭಕ್ಷೀಸು ಬೇರೆ. ಕಿಟಕಿ ಇರುವ ರೂಮಿಗೆ ಒಂದು ದರ, ಇಲ್ಲದ್ದಕ್ಕೆ ಒಂದು. ಒಂದೇ ರೂಮಿನಲ್ಲಿ ಮೂರನೆಯವರು, ನಾಲ್ಕನೆಯವರು ಮಲಗಿದರೆ ಅವರಿಗೆ ಅರ್ಧ. ಇಷ್ಟನ್ನೂ ಕೂಡಿ ನೋಡಿದಾಗ ಅಗ್ಗದ್ದು ದುಬಾರಿಯಾಗಿ, ದುಬಾರಿಯದ್ದು ಪರವಾಗಿಲ್ಲ ಅನ್ನಿಸಿತು. ನಮ್ಮೂರಲ್ಲಿ ಸಿಪ್ಪೆ ನೋಡಿ ಯಾರೂ ಕೊಬ್ಬರಿ ಕೊಳ್ಳುವುದಿಲ್ಲ, ಒಡೆದು ನೋಡುತ್ತಾರೆ.

ನನ್ನ ವಾರಗಿತ್ತಿ, ಅಂದರೆ ಭಾವನ ಹೆಂಡತಿ, ಲೆಕ್ಕವನ್ನು ಇನ್ನೂ ಸುಲಭ ಮಾಡಿದರು. “ರೂಪಾಯಿ ಬ್ಯಾಡ ಕಣೇ, ಕೊಬ್ಬರಿ ಲೆಕ್ಕದಾಗೆ ಹೇಳು. ತಲೆಗೆ ಎಷ್ಟು ಕ್ವಿಂಟಾಲು?”

“ದೊಡ್ಡ ಹಡಗಿಗೆ ಒಂದೂಕಾಲು ಅಕ್ಕ. ಸಣ್ಣದಕ್ಕೆ ಒಂದಕ್ಕೂ ಸ್ವಲ್ಪ ಕಮ್ಮಿ. ಸಿಂಗಪುರದ್ದು ಹಡಗಿಗೆ ಮುಕ್ಕಾಲೇ, ಆದ್ರೆ ವಿಮಾನಕ್ಕೆ ಇನ್ನೊಂದು.”

“ಅಲ್ಲಿ ಯಾಕೆ ಅಷ್ಟು ಸಸ್ತಾ?”

“ಅಲ್ಲಿ ಒಂದೇ ಬಂದರಿಂದ ನಾಲ್ಕೈದು ಕಂಪನಿ ಹೊರಡ್ತವಂತೆ. ಇಲ್ಲಿ ನಾವು ಹೋಗೋ ತಿಂಗಳಲ್ಲಿ ಒಂದೊಂದು ಬಂದರಿಗೆ ಒಬ್ಬೊಬ್ಬನೇ.”

“ಒಬ್ನೇ ಇದ್ರೆ ಅವ್ನು ಹೇಳಿದ್ದೇ ರೇಟು ಬುಡು,” ಎಂದರು ಅಕ್ಕ. ಗಂಡ ಮೈದುನ ಇಬ್ಬರನ್ನೂ ಮಾರುಕಟ್ಟೆಗೆ ಕಳಿಸಿ ಅಭ್ಯಾಸವಾದ ಹೆಂಗಸಿಗೆ ಇದನ್ನು ಬಿಡಿಸಿ ಹೇಳಬೇಕಿರಲಿಲ್ಲ.

ಅತ್ತೆಗೆ ಪಾಸ್‌ಪೋರ್ಟ್ ಇಲ್ಲದ್ದರಿಂದ ಸಿಂಗಪುರ ಬಿಟ್ಟುಹೋಯಿತು. ಉಳಿದ ಎರಡನ್ನು ಅತ್ತೆ ತಮ್ಮದೇ ರೀತಿಯಲ್ಲಿ ವಿಚಾರಿಸಿದರು. ಬೆಳಗಿನ ಲಿಂಗಪೂಜೆಗೆ ಜಾಗವಿದೆಯೇ? ಇದೆ, ಆದರೆ ದೀಪ ಕರ್ಪೂರ ಹಚ್ಚುವ ಹಾಗಿಲ್ಲ. “ವಿಭೂತಿ, ನೀರು, ಹೂವು ಇದ್ರೆ ಸಾಕು.” ಸಪ್ಪೆ ಅನ್ನ ಸಾರು ಸಿಗುತ್ತದೆಯೇ? ಸಿಗುತ್ತದೆ. ಕೊನೆಗೆ, “ಫೋನು ಸಿಗ್ತದಾ?”

“ಸಮುದ್ರದ ಮಧ್ಯೆ ಸಿಗಲ್ವಂತೆ ಅತ್ತೆ. ವೈಫೈ ಬೇಕಂದ್ರೆ ಬೇರೆ ದುಡ್ಡು.”

“ಅದಕ್ಕೆ ಮಾತ್ರ ಬಿಡಿಗಾಸು ಕೊಡಬ್ಯಾಡಿ.”

ಒಂದು ಭಾನುವಾರ ಇಬ್ಬರು ಅಣ್ಣತಮ್ಮಂದಿರ ಮುಂದೆ ನೋಟ್‌ಬುಕ್ಕು ಬಿಚ್ಚಿಟ್ಟೆ. ಭಾವ ಬೆರಳಿಟ್ಟು ಒಂದೊಂದೇ ಸಾಲು ಓದಿದರು.

“ಚೆನ್ನಾಗ್ ಬರ್ದಿದ್ದೀಯ ಕಣಮ್ಮ. ಆದ್ರೆ ಈಗ್ಲೇ ದುಡ್ಡು ಹಾಕ್ಬಾರ್ದು. ಹಡಗಿನ ರೂಮು ಎಳನೀರಿದ್ದಂಗೆ. ಕೊಬ್ಬರಿಯಾದ್ರೆ ಅಟ್ಟದಾಗೆ ಕಾಯ್ತದೆ. ರೂಮು ಹೊರಡೋ ದಿನ ಖಾಲಿ ಇದ್ರೆ ಅವ್ನಿಗೆ ಲಾಸು. ಕೊನೇಲಿ ಇಳಿಸೇ ಇಳಿಸ್ತಾನೆ.”

“ರಜಾ ದಿನದಾಗೆ ಎಲ್ಲಿ ಇಳಿಸ್ತಾನಣ್ಣ? ಏರ್ತದೆ,” ಎಂದರು ನಮ್ಮನೆಯವರು.

“ನೋಡಾಣ ಬುಡು.”

“ಹೂಂ, ನೋಡಾಣ.”

ಅಲ್ಲಿಗೆ ಮಾತು ನಿಂತಿತು. ನಾನು ಆಗಲೇ ಎಚ್ಚರವಾಗಬೇಕಿತ್ತು. ನಮ್ಮ ಮಾರುಕಟ್ಟೆಯಲ್ಲಿ ಟೆಂಡರಿನ ರೇಟನ್ನು ಹಿಂದೆ ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕುತ್ತಿದ್ದರು, ಈಗ ಮೊಬೈಲಿನಲ್ಲಿ ಒತ್ತುತ್ತಾರೆ. ಎರಡರಲ್ಲೂ ನಿಯಮ ಒಂದೇ: ಫಲಿತಾಂಶ ಬರುವ ತನಕ ನಿನ್ನ ರೇಟನ್ನು ನಿನ್ನ ನೆರಳಿಗೂ ಹೇಳಬೇಡ. ಅಲ್ಲಿ ‘ನೋಡಾಣ’ ಎಂದವನು ಮನಸ್ಸಿನಲ್ಲಿ ಆಗಲೇ ರೇಟು ಬರೆದಿಟ್ಟಿರುತ್ತಾನೆ.

ಮುಂದಿನ ವಾರ ನಮ್ಮನೆಯವರು ಅತ್ತೆಯ ಆಧಾರ್ ಕಾರ್ಡಿನ ಫೋಟೊ ಕೇಳಿದರು. ಕಳಿಸಿದೆ. ಮಾರನೆಯ ದಿನ ಭಾವನೂ ಕೇಳಿದರು. ಪಿಂಚಣಿಗೋ ಬ್ಯಾಂಕಿಗೋ ಇರಬೇಕೆಂದು ಅವರಿಗೂ ಕಳಿಸಿದೆ. ನೋಟ್‌ಬುಕ್ಕಿನಲ್ಲಿ ಎರಡನ್ನೂ ಬರೆದಿಟ್ಟಿದ್ದೇನೆ, ಒಂದರ ಕೆಳಗೆ ಒಂದು. ಬರೆದೆನೇ ಹೊರತು ಯೋಚಿಸಲಿಲ್ಲ.

ಆಮೇಲೊಂದು ಬೆಳಗ್ಗೆ ರೊಟ್ಟಿ ತಟ್ಟುವಾಗ ತುಮಕೂರಿನ ಟ್ರಾವೆಲ್ಸ್ ಹುಡುಗಿಯ ಫೋನು. ಅತ್ತೆಯ ವಿಚಾರಕ್ಕೆ ನನ್ನ ನಂಬರು ಕೊಟ್ಟಿದ್ದಾರೆಂದು ಹೇಳಿ, ನಿಮ್ಮ ಅತ್ತೆಯವರಿಗೆ ಹಡಗು ಹತ್ತುವಾಗ ಗಾಲಿಕುರ್ಚಿ ಬೇಕೇ ಎಂದು ವಿಚಾರಿಸಿದಳು. ಮುಂಬೈ ಹಡಗು. ಓಹೋ, ಟಿಕೆಟ್ ಆಗಿದೆ, ನಮ್ಮನೆಯವರು ನನಗೂ ಹೇಳಿಲ್ಲ ಎಂದುಕೊಂಡೆ. ಮಧ್ಯಾಹ್ನ ಬಟ್ಟೆ ಒಣಹಾಕುವಾಗ ಬೆಂಗಳೂರಿನಿಂದ ಇನ್ನೊಬ್ಬರು. ಅದೇ ಅತ್ತೆ, ಅದೇ ಗಾಲಿಕುರ್ಚಿ, ಅದೇ ವಾರ. ಆದರೆ ಕೊಚ್ಚಿ ಹಡಗು. ಕೈಯಲ್ಲಿದ್ದ ಒದ್ದೆ ಪಂಚೆಯನ್ನು ಹಾಗೇ ಭುಜಕ್ಕೆ ಹಾಕಿಕೊಂಡು ಹಿಂದಿನ ಬೀದಿಗೆ ಹೋದೆ.

ಅಕ್ಕ ತಮ್ಮ ಗಂಡನ ಮೊಬೈಲ್ ತೆಗೆದು ನೋಡಿದರು. ಭಾವ ತಮ್ಮ ಮನೆಯ ನಾಲ್ಕು ಜನಕ್ಕೂ ಅತ್ತೆಗೂ ಮುಂಬೈ ಹಡಗಿಗೆ ಮುಂಗಡ ಕಟ್ಟಿದ್ದರು. ಹಾಗಾದರೆ ಕೊಚ್ಚಿ ಹಡಗು ನಮ್ಮನೆಯವರದು; ನಮ್ಮ ಮೂವರಿಗೂ ಅತ್ತೆಗೂ. ಅವ್ವನ ಟಿಕೆಟ್ ಯಾರ ಕೈಲಿದೆಯೋ ಇನ್ನೊಬ್ಬ ಅವನ ಹಡಗಿಗೇ ಬರಬೇಕಾಗುತ್ತದೆಂದು ಇಬ್ಬರೂ ಒಂದೇ ಲೆಕ್ಕ ಹಾಕಿದ್ದರು. ಹೆತ್ತ ತಾಯಿಯನ್ನೂ ಲಾಟಿನ ಹಾಗೆ ಹೊಡೆದುಕೊಳ್ಳಲು ಹೋಗಿದ್ದರು.

“ಒಂದ್ ಹೊಟ್ಟೇಲಿ ಹುಟ್ಟಿದ್ದು ಸುಳ್ಳಲ್ಲ ಕಣೇ,” ಎಂದರು ಅಕ್ಕ. ನಮ್ಮಿಬ್ಬರಿಗೂ ನಗು ಬಂತು. ಅತ್ತೆಗೆ ಹೇಳುವುದು ಹೇಗೆಂದು ಹೊಳೆದಾಗ ನಗು ನಿಂತಿತು.

ಹೇಳಿದೆವು. ಅತ್ತೆ ಬಾಯಿಬಿಟ್ಟು ಬೈಯಲಿಲ್ಲ. ಹೂಬತ್ತಿ ಹೊಸೆಯುತ್ತಿದ್ದವರು ಹತ್ತಿಯನ್ನು ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರು.

“ಎರಡೂ ವಾಪಸ್ ಮಾಡಿಸ್ಬುಡು. ನಾನು ಯಾವ್ದಕ್ಕೂ ಬರಲ್ಲ.”

ಎರಡು ದಿನ ಅದೇ ಮಾತು. ನಮ್ಮನೆಯವರು ಹೋಗಿ ಕೇಳಿದರು, ಭಾವ ಬಂದು ಕೇಳಿದರು, ಇಬ್ಬರೂ ಬೇರೆಬೇರೆಯಾಗಿಯೇ. “ಅಣ್ಣ ಬಿಡ್ಲಿ, ನಾನ್ಯಾಕೆ ಬಿಡ್ಲಿ?” ಎಂದು ಇವರು, “ಚಿಕ್ಕೋನು ಅವ್ನು, ಅವ್ನು ಬಿಡ್ಲಿ,” ಎಂದು ಅವರು. ಪ್ರವಾಸ ಮುಗಿದೇ ಹೋಯಿತೆಂದು ನೋಟ್‌ಬುಕ್ಕಿನ ಹಾಳೆಗಳನ್ನು ಹರಿಯಲು ಹೊರಟಿದ್ದೆ. ಮೂರನೆಯ ಬೆಳಗ್ಗೆ ಪೂಜೆ ಮುಗಿಸಿ ಅತ್ತೆ ಕರೆದರು. “ಇವತ್ತು ಹರಾಜಿಲ್ಲ ಅಲ್ವಾ? ಇಬ್ಬರ್ಗೂ ಬರಹೇಳು. ನಿನ್ನ ಬುಕ್ಕೂ ತಗಂಬಾ.”

ಹನ್ನೊಂದು ಗಂಟೆಗೆ ಇಬ್ಬರೂ ಪಡಸಾಲೆಯಲ್ಲಿ ಕುಳಿತರು, ಮಧ್ಯೆ ಒಂದು ಆಳು ಕೂರುವಷ್ಟು ಜಾಗ ಬಿಟ್ಟು. ಅತ್ತೆ ಆ ಜಾಗದಲ್ಲಿ ನೋಟ್‌ಬುಕ್ಕಿಟ್ಟರು.

“ಲೋ, ಕೇಳ್ರಲಾ. ಮಾರ್ಕೆಟ್ನಾಗೆ ನೀವು ಹೆಂಗಾರ ಇರಿ, ಅದು ನಿಮ್ಮ ಅನ್ನ. ಇಲ್ಲಿ ಬಚ್ಚಿಟ್ಕೊಂಡು ರೇಟು ಹಾಕ್ಬ್ಯಾಡಿ. ಹಡಗಿನೋರ್ನ ರೇಟು ಕೇಳೋದಿದ್ರೆ ಒಬ್ಬರ ಎದುರಿಗೊಬ್ರು ಕೇಳಿ. ಆಗಲ್ಲ ಅಂದ್ರೆ ಹಡಗೂ ಬ್ಯಾಡ, ಏನೂ ಬ್ಯಾಡ.”

ನಮ್ಮನೆಯವರು ನೋಟ್‌ಬುಕ್ಕಿನ ಗೆರೆ ಹೊಡೆದ ಹಾಳೆ ತೆಗೆದರು. ಆಮೇಲೆ ಭಾವ ಮೊಬೈಲ್ ತೆಗೆದು ತುಮಕೂರಿಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕಿದರು. ತಮ್ಮ ಕೇಳಿಸಿಕೊಳ್ಳುತ್ತಿರುವಾಗ ಭಾವ ರೇಟು ಮಾತಾಡಿದ್ದು, ನನಗೆ ತಿಳಿದಂತೆ, ಭಾಗವಾದ ಮೇಲೆ ಅದೇ ಮೊದಲು.

“ಎಂಟು ಜನ ಇದ್ದೀವಮ್ಮ ಈಗ. ಏನ್ ಕೊಡ್ತೀರ?”

ಹುಡುಗಿ ಒಂದು ದರ ಹೇಳಿದಳು. ನಮ್ಮನೆಯವರು ಬೆರಳಿನಿಂದ ನೋಟ್‌ಬುಕ್ಕಿನಲ್ಲಿ ಭಕ್ಷೀಸಿನ ಸಾಲು ತೋರಿಸಿದರು. ಭಾವ ಅದನ್ನು ಕೇಳಿದರು. ಆಮೇಲೆ ನಮ್ಮನೆಯವರು ಕೊಚ್ಚಿ ಹಡಗಿನ ಏಜೆಂಟರಿಗೆ ಫೋನು ಮಾಡಿ ಮುಂಬೈ ದರ ಹೇಳಿದರು; ಅವರು ಇಳಿಸಿದರು. ಅದನ್ನು ಹಿಡಿದು ಭಾವ ಮತ್ತೆ ತುಮಕೂರಿಗೆ. ಒಬ್ಬರು ದನಿ ಏರಿಸಿ ಮಾತಾಡಿದರೆ ಇನ್ನೊಬ್ಬರು ತಣ್ಣಗೆ, ಒಬ್ಬರು “ಬ್ಯಾಡ ಬುಡಿ” ಎಂದರೆ ಇನ್ನೊಬ್ಬರು “ತಡೀರಿ, ತಡೀರಿ” ಎಂದು. ಎದುರುಬದುರು ಕುಸ್ತಿ ಹಿಡಿದವರು ಒಂದೇ ಕಡೆಗೆ ನಿಂತರೆ ಎಷ್ಟು ಜೋರು ಎಂದು ಆವತ್ತು ನೋಡಿದೆ. ಅಡುಗೆಮನೆಯ ಬಾಗಿಲಿಗೆ ಒರಗಿ ಅಕ್ಕ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು.

ಊಟದ ಹೊತ್ತು ಮೀರುತ್ತಿತ್ತು. ಅವರೆಕಾಳು ಸಾರು, ಮುದ್ದೆ ಅಲ್ಲಿಗೇ ತಂದಿಟ್ಟೆವು. ನೋಟ್‌ಬುಕ್ಕಿಗೆ ಸಾರು ಹನಿಯದ ಹಾಗೆ ಭಾವ ಅದನ್ನು ಎತ್ತಿ ಕಿಟಕಿಯಲ್ಲಿಟ್ಟರು. ಅತ್ತೆ ಎರಡು ತಟ್ಟೆಗೂ ತಾವೇ ತುಪ್ಪ ಬಡಿಸಿದರು.

ತುಮಕೂರಿನ ಹುಡುಗಿಯೇ ಮತ್ತೆ ಫೋನು ಮಾಡಿದಳು. ಮೇಲಿನವರನ್ನು ಕೇಳಿದ್ದಾಳೆ, ಪಕ್ಕಪಕ್ಕದ ಮೂರು ರೂಮು, ಅತ್ತೆಗೆ ಕಿಟಕಿ, ಮಕ್ಕಳಿಗೆ ಅರ್ಧ, ಕಟ್ಟಿದ ಮುಂಗಡ ಅದಕ್ಕೇ ಜಮಾ. ಕೊಚ್ಚಿಯ ಮುಂಗಡದಲ್ಲಿ ಸ್ವಲ್ಪ ಹಿಡಿದುಕೊಳ್ಳುತ್ತಾರೆ, ಹಿಡಿದುಕೊಳ್ಳಲಿ ಎಂದಾಯಿತು. ಅದನ್ನು ಇಬ್ಬರೂ ಅರ್ಧ ಅರ್ಧ ಹಾಕಿಕೊಳ್ಳೋಣವೆಂದು ಯಾರೂ ಕೇಳದೆಯೇ ಭಾವ ಹೇಳಿದರು.

“ಸರ್, ಫಾರಂನಲ್ಲಿ ಒಂದು ಕಾಲಂ ಇದೆ,” ಎಂದಳು ಹುಡುಗಿ. “ಒಂದೇ ಫ್ಯಾಮಿಲಿನಾ, ಎರಡಾ?”

ನಮ್ಮನೆಯವರು ಅಣ್ಣನ ಮುಖ ನೋಡಿದರು. ಭಾವನ ಕೈಯಲ್ಲಿ ಮುದ್ದೆಯ ತುತ್ತು ಇತ್ತು.

“ಒಂದೇ ಬರ್ಕೊಳ್ಳಮ್ಮ,” ಎಂದು ಬಾಯಿಗಿಟ್ಟುಕೊಂಡರು.

ಅದರಿಂದ ಎಲ್ಲ ಬದಲಾಯಿತೆಂದು ನಾನು ಬರೆಯುವುದಿಲ್ಲ. ಮುಂದಿನ ಹರಾಜಿಗೆ ಇಬ್ಬರೂ ಎಂದಿನಂತೆ ಬೇರೆಬೇರೆ ಬೈಕಿನಲ್ಲೇ ಹೋದರು. ಹಾಲ್ಕುರಿಕೆ ಕಡೆಯ ಒಂದು ಒಳ್ಳೆಯ ಲಾಟು ಕೂದಲೆಳೆಯಲ್ಲಿ ಭಾವನ ಪಾಲಾಯಿತು. ನಮ್ಮನೆಯವರು ಮನೆಗೆ ಬಂದು ಕಾಲು ತೊಳೆಯುತ್ತಾ, “ಇವತ್ತೂ ಅಣ್ಣನೇ ಹೊಡ್ಕೊಂಡ,” ಎಂದು ಗೊಣಗುತ್ತಿದ್ದರು. ಅಷ್ಟರಲ್ಲಿ ಅವರ ಫೋನು ಬಡಿಯಿತು. ಕೈ ಒದ್ದೆಯಿದ್ದುದರಿಂದ ನಾನೇ ಸ್ಪೀಕರಿಗೆ ಹಾಕಿ ಹಿಡಿದೆ. ಭಾವ.

“ಲೇ, ಹಡಗಿನಾಗೆ ಏಸಿ ಚಳಿ ಜಾಸ್ತಿಯಂತೆ ಕಣ್ಲಾ. ಅಂಗ್ಡೀಲಿದ್ದೀನಿ, ಅವ್ವಂಗೆ ಒಂದು ಉಲ್ಲನ್ ಶಾಲು ತಗೋತಾ ಇದ್ದೀನಿ. ನೀನು ತಗೋಬ್ಯಾಡ, ಎರಡಾಯ್ತವೆ.”

“ಹೂಂ ಅಣ್ಣ. ಕಾಲುಚೀಲ ನಾನ್ ತತ್ತೀನಿ.”

“ಯಾವ ಬಣ್ಣದ್ದು ತತ್ತೀಯ?”

ಟೆಂಡರಿನ ರೇಟು ಕೇಳಿದ್ದಾರೇನೋ ಎಂಬಂತೆ ನಮ್ಮನೆಯವರು ಒದ್ದೆ ಕಾಲಲ್ಲೇ ನಿಂತು ಯೋಚಿಸತೊಡಗಿದರು.