ಅಕ್ಕನ ಮನೆಯ ಹಿತ್ತಲ ಕೋಣೆ

ಶಿರಸಿಯ ಇಂಜಿನಿಯರರೊಬ್ಬರ ಕಚೇರಿಯಲ್ಲಿ ನಾನು ನಕ್ಷೆ ಎಳೆಯುತ್ತೇನೆ. ಎಂದರೆ, ಜನ ಬಂದು ಬೇಡುವ ದಪ್ಪ ಕಂಬ, ಸಿಂಹದ ತಲೆ, ಯಾರೂ ಕೂರದ ಬಾಲ್ಕನಿಗಳನ್ನು ಕಂಪ್ಯೂಟರಿನಲ್ಲಿ ಗೆರೆಯಾಗಿಸುತ್ತೇನೆ. ಅವರು ಮೆಟ್ಟಿಲಿಳಿದ ಮೇಲೆ, "ಎಲಿವೇಶನ್ ಜೋರಿರ್ಲಿ, ರಸ್ತೆಲಿ ಹೋಪವ್ರು ನಿಂತು ನೋಡವು" ಎಂದು ಅವರದೇ ದನಿಯಲ್ಲಿ ಅಣಕಿಸಿ ಕಚೇರಿಯನ್ನು ನಗಿಸುತ್ತೇನೆ. ಸಂಬಳ ಮೊದಲನೆಯ ಕೆಲಸಕ್ಕೆ, ಮರ್ಯಾದೆ ಎರಡನೆಯದಕ್ಕೆ.

ಹೈಸ್ಕೂಲು ಟೀಚರಾದ ಅಕ್ಕ ಸಿದ್ದಾಪುರ ರಸ್ತೆಯ ಅಂಚಿನಲ್ಲಿ ಸಣ್ಣದೊಂದು ಸೈಟು ಮಾಡಿ, "ನಕ್ಷೆ ನೀನೇ ಮಾಡು ತಮಾ" ಎಂದಾಗ ನಾನು ಒಂದು ವಾರದೊಳಗೆ ಮಹಾತ್ಮನಾಗಿಬಿಟ್ಟೆ. ಫೋನಿನ ವಿಡಿಯೋಗಳಲ್ಲಿ ಗಡ್ಡ ಬಿಟ್ಟ, ಖಾದಿ ತೊಟ್ಟ ವಾಸ್ತುಶಿಲ್ಪಿಗಳು ಮಾತಾಡುವ ಹಾಗೆ ಎರಡು ಪದಕ್ಕೊಮ್ಮೆ ಉಸಿರು ಬಿಡತೊಡಗಿದೆ. "ಮನೆ... ಉಸಿರಾಡಬೇಕು. ಒಳಗು-ಹೊರಗಿನ ನಡುವೆ... ಗೆರೆ ಇರಬಾರದು."

"ಮಂಗ ಬಂದ್ರೆ?" ಅಕ್ಕ ಕೇಳಿದಳು.

"ಮಂಗವೂ ಪ್ರಕೃತಿಯೇ."

"ಅದು ನಿನ್ನ ನೋಡಿದ್ರೇ ಗೊತ್ತಾಗ್ತು."

ನಕ್ಷೆ ಮಾತ್ರ ಚೆನ್ನಾಗಿತ್ತು. ಬೇರೆ ಯಾರೂ ಹೇಳದ್ದರಿಂದ ನಾನೇ ಹೇಳುತ್ತಿದ್ದೇನೆ. ನಡುಮನೆ, ಮಲಗುವ ಕೋಣೆ, ಅಡುಗೆಮನೆ, ಅಷ್ಟೇ. ಗಿಲಾವು ಕಾಣದ ಚಿರೇಕಲ್ಲಿನ ಗೋಡೆ. ಯಾರೋ ಕೆಡವಿದ ಮನೆಯ ಹಳೆಯ ಹಂಚು, ಹಳೆಯ ಬಾಗಿಲು. ಮಾಡಿನ ಮಳೆನೀರು ಸೋಸಿ ಬಾವಿಗೆ. ನನಗೆ ಎಲ್ಲಕ್ಕಿಂತ ಹೆಮ್ಮೆ ಅಡುಗೆಮನೆಗೆ ತಾಗಿದ ಹಿತ್ತಲ ಕೋಣೆಯ ಮೇಲೆ. ಕೆಳಗೆ ಅರ್ಧ ಗೋಡೆ, ಮೇಲೆ ಬಿದಿರಿನ ಜಾಲರಿ. ಕೂರಲು, ಬೇಕಾದರೆ ಉರುಳಿಕೊಳ್ಳಲು ಉದ್ದದ ಕಟ್ಟೆ. ಗಿಡ ನೆಟ್ಟ ಕೈ ತೊಳೆಯಲು ನಲ್ಲಿ, ಪಕ್ಕದಲ್ಲೇ ಬಚ್ಚಲು. ಅಡುಗೆಮನೆಯ ಗೋಡೆಯಲ್ಲೊಂದು ಪುಟ್ಟ ಕಿಟಕಿ. ಒಳಗಿದ್ದವರು ಅದರಿಂದ ದೋಸೆ ನೀಡಬೇಕು, ಹೊರಗಿದ್ದವರು ಮಲ್ಲಿಗೆ ಬಳ್ಳಿ ನೋಡುತ್ತ ತಿನ್ನಬೇಕು. ಕೋಣೆಗೆ ಹಿತ್ತಲಿನಿಂದ ಮಾತ್ರ ಬಾಗಿಲು. ಸುತ್ತಿ ಹೋಗುವಾಗ ಮನುಷ್ಯ ನಾಲ್ಕು ಗಿಡವನ್ನಾದರೂ ಮಾತಾಡಿಸಲಿ ಎಂಬುದು ನನ್ನ ತತ್ವ. ಇಂಥ ತತ್ವಗಳೆಲ್ಲ ಎರಡೂ ಹೊತ್ತು ಬೇರೆಯವರು ಬಡಿಸುವ ಮನೆಯಲ್ಲಿ ಬೆಳೆದ ಗಂಡಸರಿಗೇ ಹೊಳೆಯುತ್ತವೆ.

ಗೋಡೆ ಎದ್ದ ಮೇಲೆ ಅಕ್ಕನ ಅತ್ತೆ, ಭಾವನ ತಾಯಿ, ಯಲ್ಲಾಪುರದಿಂದ ನೋಡಲು ಬಂದರು. "ಎಂತ ಮಾಣಿ, ಗೋಡೆಗೆ ಅಂಗಿ ಹಾಕ್ಲೆ ಮರೆತು ಹೋತನ?" ಎಂದರು. ಹಳೆಯ ಬಾಗಿಲಿಗೆ ಮೂಗು ಮುರಿದರು. ಹಿತ್ತಲ ಕೋಣೆಗೆ ಬಂದದ್ದೇ ಅವರ ಮುಖ ಅರಳಿತು. ಕಟ್ಟೆಯನ್ನು ಗೇಣು ಹಾಕಿ ಅಳೆದರು, ಕಿಟಕಿಯೊಳಗೆ ಕೈ ತೂರಿಸಿ ನೋಡಿದರು.

"ಅಯ್ಯ, ಬುದ್ಧಿವಂತನಪ ನೀನು! ಈಗಿನ ಮನೇಲಿ ಮುಟ್ಟಾದವಕ್ಕೆ ಜಾಗನೇ ಇರ್ತಿಲ್ಲೆ. ಬೇರೆ ಬಾಗ್ಲು, ಬೇರೆ ಬಚ್ಚಲು, ಮಲಗಲೆ ಕಟ್ಟೆ. ಊಟ ಈ ಕಿಟಕಿಲಿ ಕೊಟ್ರಾತು. ಚೊಲೊ ಆತು, ಚೊಲೊ ಆತು."

ಮುಟ್ಟಾದ ಹೆಂಗಸು ಮೂರು ದಿನ ಮನೆಯೊಳಗೆ ಕಾಲಿಡಬಾರದೆಂಬ ಕಟ್ಟಳೆ ಅವರಲ್ಲಿ ಇನ್ನೂ ಗಟ್ಟಿ. ಅಕ್ಕ-ಭಾವ ಇದ್ದದ್ದು ಎರಡು ಕೋಣೆಯ ಬಾಡಿಗೆ ಮನೆ. ಹೊರಗೆ ಕೂರಿಸಲು ಜಾಗವಿಲ್ಲ ಎಂಬ ಒಂದು ನೆಪ ಅಕ್ಕನನ್ನು ಇಷ್ಟು ವರ್ಷ ಕಾಪಾಡಿತ್ತು. ಆ ನೆಪವನ್ನು ನಾನು ಚಿರೇಕಲ್ಲಿಟ್ಟು ಮುಚ್ಚಿದ್ದೆ, ಮೇಲೆ ಮಲ್ಲಿಗೆ ಬಳ್ಳಿ ಬೇರೆ.

ಭಾವ ಏನಾದರೂ ಹೇಳಿಯಾರೆಂದು ನೋಡಿದೆ. ಸಮಾನತೆಯ ಬಗ್ಗೆ ಮೊಬೈಲಿನಲ್ಲಿ ದಿನಕ್ಕೊಂದು ಸಂದೇಶ ಕಳಿಸುವ ಮನುಷ್ಯ, ತಾಯಿಯ ಎದುರು ಚಿರೇಕಲ್ಲಿನ ತೂತುಗಳನ್ನು ಪರೀಕ್ಷಿಸುತ್ತ ನಿಂತಿದ್ದರು. ಕೊನೆಗೆ ಬಾಯಿ ಬಿಟ್ಟರು: "ತಿಂಗಳಿಗೆ ಮೂರು ದಿನ ಅಲ್ದ. ಗಾಳಿ ಚೊಲೊ ಬತ್ತು ಇಲ್ಲಿ."

ಅವರಿಬ್ಬರೂ ಹೋದ ಮೇಲೆ ನಾನು ಅತ್ತೆಯ ಹಾಗೆ ಕುತ್ತಿಗೆ ಓರೆ ಮಾಡಿ, ಕಟ್ಟೆಗೆ ಗೇಣು ಹಾಕಿ, "ಚೊಲೊ ಆತು, ಚೊಲೊ ಆತು" ಎಂದೆ. ಅಕ್ಕ ನಗಲಿಲ್ಲ.

"ಸಣ್ಣಕಿಪ್ಪಾಗ್ಲೂ ಹಿಂಗೇ ಮಾಡಿದ್ಯಲೋ. ನೆನಪಿದ್ದಾ?"

ಇತ್ತು. ನಮ್ಮ ಮನೆಯಲ್ಲಿ ಅವಳು ಮೊದಲ ಸಲ ಕೊಟ್ಟಿಗೆಯ ಪಕ್ಕದ ಚಾಪೆಯ ಮೇಲೆ ಕುಳಿತ ದಿನ, ನಾನು ಅಜ್ಜಿಯ ದನಿಯಲ್ಲಿ "ದೂರ, ದೂರ, ಮುಟ್ಟಡ!" ಎನ್ನುತ್ತ ಅವಳ ತಟ್ಟೆಯನ್ನು ಕೋಲಿನಿಂದ ತಳ್ಳಿದ್ದೆ. ನನ್ನ ಮೊದಲ ಅಣಕು ಅದೇ. ಅಜ್ಜಿಗೇ ಉಬ್ಬಸ ಬರುವಷ್ಟು ನಗೆ ಬಂದಿತ್ತು.

"ಎಲ್ಲರಿಗೂ ನಗೆ ಬಂತು. ಆನು ಒಬ್ಬಳೇ ತಟ್ಟೆ ಹಿಡ್ಕಂಡು ಕೂತಿದ್ದೆ," ಎಂದಳು ಅಕ್ಕ. "ನನ್ನ ಮನೇಲೂ ಹಂಗೇ ಕೂರಕಾ?"

"ನಾಳೆನೇ ಕೋಣೆ ಕೆಡವಿಸ್ತೆ."

"ಕೆಡವಿದ್ರೆ ಅತ್ತೆ ತಗಡು ಹೊಡೆದು ಇನ್ನೊಂದು ಮಾಡ್ಸ್ತ. ಕೆಡವಡ. ಒಲೆ ಅಲ್ಲಿಗೆ ತಗಂಡು ಹೋಗು."

ತಲೆಗೆ ಹೋಗಲು ನನಗೆ ಒಂದು ಚಹಾ ಬೇಕಾಯಿತು. ಅತ್ತೆಯ ಲೆಕ್ಕದಲ್ಲಿ ದೇವರ ಪೀಠ ಬಿಟ್ಟರೆ ಮಡಿ ಒಲೆಗೆ. ಒಲೆ ಇರುವ ಕೋಣೆಗೆ ಮೂರು ದಿನದವರನ್ನು ಅವರು ಯಾವ ಬಾಯಿಂದ ಕಳಿಸಿಯಾರು? ಅಡುಗೆಮನೆಯಾಗಬೇಕಿದ್ದ ಕೋಣೆ ಅಕ್ಕನ ಓದುವ ಕೋಣೆಯಾಗಲಿ, ನಡುವಿನ ಕಿಟಕಿ ಒಡೆದು ಬಾಗಿಲಾಗಲಿ. ಇಷ್ಟನ್ನು ಅವಳು ಉತ್ತರಪತ್ರಿಕೆ ತಿದ್ದುವ ಕೆಂಪು ಪೆನ್ನಿನಲ್ಲಿ ನನ್ನ ನಕ್ಷೆಯ ಮೇಲೇ ಗೀಚಿದಳು.

ಹಾವೇರಿ ಕಡೆಯ ಗೌಂಡಿ ಸುತ್ತಿಗೆ ಹಿಡಿದು ನನ್ನನ್ನೇ ನೋಡಿದ. "ಏನ್ರೀ ಸಣ್ ಸಾಹೇಬ್ರ, ಬಾಗ್ಲಾ ಬ್ಯಾಡ ಅಂದೋರು ನೀವ, ಒಡಿ ಅನ್ನೋರು ನೀವ. ಗ್ವಾಡಿಗೇನ್ ತಲಿ ಕೆಟ್ಟೈತೇನ್ರೀ?"

"ಗೋಡೆಗಲ್ಲ, ನನಗೆ."

"ಅದ್ ಗೊತ್ತೈತ್ ಬಿಡ್ರೀ," ಎಂದು ಹೊಡೆದ.

ಹೊಟ್ಟೆಕಿಚ್ಚಿನಿಂದಲೇ ಹೇಳುತ್ತೇನೆ: ಮನೆ ಈಗಲೇ ಸರಿಯಾದದ್ದು. ಒಗ್ಗರಣೆಯ ಹೊಗೆ ಜಾಲರಿಯಿಂದ ತಾನೇ ಹೊರಗೆ ಹೋಗುತ್ತಿತ್ತು. ಒಲೆಯ ಮುಂದಿನಿಂದ ಎರಡು ಹೆಜ್ಜೆ ಇಟ್ಟರೆ ಕರಿಬೇವು. ಗಾಳಿಗೆ ಗ್ಯಾಸಿನ ಉರಿ ನಂದಿದ್ದಕ್ಕೆ ಪಡುವಣಕ್ಕೆ ಹಲಗೆ ಹಾಕಿದೆವು, ಮಂಗಕ್ಕೆ ತಂತಿಬಲೆ. ಮಹಾತ್ಮನ ಉಪನ್ಯಾಸದಿಂದ ಆಗದ್ದು ಒಂದು ಕೆಂಪು ಪೆನ್ನಿನಿಂದ ಆಗಿತ್ತು.

ಗೃಹಪ್ರವೇಶದ ದಿನ ಅತ್ತೆ ಹೊಸ ಸೀರೆಯಲ್ಲಿ ಬಂದು, ಸೀದಾ ಹಿಂದಕ್ಕೆ ಹೋಗಿ, ಹಾಲು ಉಕ್ಕುತ್ತಿದ್ದ ಒಲೆಯ ಎದುರು ನಿಂತರು.

"ಇದೆಂತದೇ ಕೂಸೇ? ಒಲೆ ಇಲ್ಲಿಗೆ ಬಂತಲೇ! ಮತ್ತೆ ಆ ಮೂರು ದಿನ ಎಲ್ಲಿ ಇಪ್ಪದು?"

"ಇಲ್ಲೇ ಅತ್ತೆ. ಆ ಮೂರು ದಿನವೂ ಅಡಿಗೆ ಮಾಡವು ಅಲ್ದ."

ಹಾಲು ಉಕ್ಕಿ ಚೆಲ್ಲಿತು, ಯಾರೂ ಒಲೆ ಆರಿಸಲಿಲ್ಲ.

"ಹಂಗಾರೆ ಈ ಮನೇಲಿ ಆನು ನೀರೂ ಕುಡಿತಿಲ್ಲೆ," ಎಂದು ಅತ್ತೆ ಚೀಲ ಎತ್ತಿಕೊಂಡರು. ಭಾವ ಬೈಕಿನ ಕೀಲಿ ಹುಡುಕಿ, ಅಕ್ಕನ ಕಡೆ ನೋಡದೆ, ಅವರನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಹೋದರು.

ಪಂಕ್ತಿಯಲ್ಲಿ ಅತ್ತೆಗೆಂದು ಹಾಕಿದ್ದ ಎಲೆ, ತುದಿಯಲ್ಲಿ ಉಪ್ಪು ಉಪ್ಪಿನಕಾಯಿ ಸಹಿತ, ಖಾಲಿ ಉಳಿಯಿತು. ನಮ್ಮ ಅಮ್ಮ ನನ್ನ ತೋಳು ಜಗ್ಗಿ "ಎಲೆ ತೆಗೆಯಾ, ಎಲ್ಲ ನೋಡ್ತ" ಎಂದು ಪಿಸುಗುಟ್ಟಿದಳು. ನಾನು ಬಗ್ಗುವಷ್ಟರಲ್ಲಿ, ಎಲ್ಲರ ಊಟವಾದ ಮೇಲೆ ಉಣ್ಣಬೇಕಿದ್ದ ಅಕ್ಕ ಬಂದು ಆ ಎಲೆಯ ಮುಂದೆ ಕುಳಿತಳು.

"ಅನ್ನ ಹಾಕಲಾ?" ಎಂದೆ.

"ಹಾಕು. ಸಾರು ಬಿಸಿ ಇದ್ದಾ?"

ಇತ್ತು. ಬಡಿಸಿದೆ.