ಕಾಲುವೆಗೆ ಬಿದ್ದ ಚೆಂಡು

ಅದು 1943, ಯುದ್ಧದ ಕಾಲ. ನನಗೆ ಹದಿನೇಳು. ತಂದೆಯವರು ಶಿವನಸಮುದ್ರದ ವಿದ್ಯುದಾಗಾರದಲ್ಲಿ ಎಂಜಿನಿಯರ್. ಕ್ವಾರ್ಟರ್ಸ್ ಪಕ್ಕದ ಮಣ್ಣಿನ ಕೋರ್ಟಿನಲ್ಲಿ ಸೀರೆಯನ್ನು ಎತ್ತಿ ಕಟ್ಟಿಕೊಂಡು ನಾನು ಟೆನಿಸ್ ಆಡುತ್ತಿದ್ದೆ. ಮಂಡ್ಯದ ಪಂದ್ಯಕ್ಕೆ ಕಳಿಸಲು ಅವರು ಬಹಳ ದಿನ ಹಿಂದೆಮುಂದೆ ನೋಡಿ, ಕೊನೆಗೆ ಒಪ್ಪಿದ್ದರು.

ಆಗ ಚೆಂಡು ಸಿಗುವುದೇ ಕಷ್ಟ. ಸರಿಯಾಗಿ ಪುಟಿಯುವಂಥದ್ದು ಒಂದೇ ಉಳಿದಿತ್ತು. ಒಂದು ಸಂಜೆ ಒಬ್ಬಳೇ ಗೋಡೆಗೆ ಹೊಡೆದು ಅಭ್ಯಾಸ ಮಾಡುತ್ತಿದ್ದಾಗ ಅದು ಚಿಮ್ಮಿ, ಬೇಲಿಯಿಲ್ಲದ ಕಡೆ ಉರುಳಿ ವಿದ್ಯುದಾಗಾರಕ್ಕೆ ನೀರೊಯ್ಯುವ ಕಾಲುವೆಗೆ ಬಿತ್ತು. ದಡದ ಕಲ್ಲಿನ ಮೇಲೆ ಕುಕ್ಕರಗಾಲಲ್ಲಿ ಕುಳಿತು ಕೈ ಚಾಚಿದೆ. ಚೆಂಡು ಸಿಕ್ಕಿತು, ಕಾಲು ಜಾರಿತು.

ಮೇಲೆ ಸುಮ್ಮನಿದ್ದ ನೀರು ಒಳಗೆ ಎಳೆಯುತ್ತಿತ್ತು. ನನಗೆ ಈಜು ಬಾರದು. ಮುಂದೆ ಕಬ್ಬಿಣದ ಸರಳುಗಳ ತಡೆ, ಅದರಾಚೆ ನೀರು ದೊಡ್ಡ ಪೈಪುಗಳಿಗೆ ಇಳಿಯುವ ಜಾಗ. ಹಿಂದೊಮ್ಮೆ ಎಮ್ಮೆಕರುವೊಂದು ಆ ಸರಳುಗಳಿಗೆ ಒತ್ತಿಕೊಂಡು ಎರಡು ದಿನ ಮೇಲೆ ಬರಲೇ ಇಲ್ಲವಂತೆ. ಅದು ನೆನಪಾಯಿತು. ಕೂಗಲು ಬಾಯಿ ತೆರೆದರೆ ನೀರೇ ತುಂಬಿಕೊಂಡಿತು.

ಸರಳಿಗೆ ಸಿಕ್ಕ ಕಸ ಎಳೆಯುತ್ತಿದ್ದ ವಿದ್ಯುದಾಗಾರದ ಮೆಕ್ಯಾನಿಕ್, ಕಿರುಗಾವಲು ಊರಿನ ಖಾದರ್ ಸಾಬರು ನನ್ನನ್ನು ಕಂಡರು. ಕಲ್ಲಿನ ಮೇಲೆ ಬೋರಲು ಮಲಗಿ, ಕಸ ಎಳೆಯುವ ಉದ್ದನೆಯ ಕೋಲು ಚಾಚಿದರು. ಒಂದು ಕೈಯಲ್ಲಿ ಹಿಡಿದೆ, ಜಾರಿತು.

“ಚೆಂಡು ಬುಡಿ ತಾಯಿ. ಎರಡು ಕೈಲೂ ಇಡ್ಕಳಿ.”

ಬೆರಳು ಬಿಚ್ಚಲಿಲ್ಲ. ಭಯಕ್ಕೆ ಮುಷ್ಟಿ ಮರಗಟ್ಟಿತ್ತು.

“ನೀರು ನೋಡ್ಬ್ಯಾಡಿ, ನನ್ ಮೊಕ ನೋಡಿ. ಬುಡಿ,” ಎಂದರು ಮೆಲ್ಲಗೆ.

ಹೇಗೋ ಬಿಟ್ಟೆ. ಚೆಂಡು ತೇಲುತ್ತ ಹೋಗಿ ಸರಳಿನ ಹತ್ತಿರ ತಟ್ಟನೆ ಕಾಣದಾಯಿತು. ನಾನು ದಡದಲ್ಲಿದ್ದೆ.

ತಂದೆಗೆ ತಿಳಿದರೆ ಆಟ ನಿಲ್ಲಿಸಿಬಿಡುತ್ತಾರೆ, ಹೇಳಬೇಡಿ ಎಂದು ಅತ್ತೆ. ಸಾಬರು ಕೋಲನ್ನು ಬದಿಗಿಟ್ಟರು. “ಏಳಾಕಿಲ್ಲ ಬುಡಿ. ಆದ್ರೆ ಇನ್ನೊಂದ್ಸಲ ನೀರ್ ತಾವ್ಕೆ ಬಂದ್ರೆ ನಾನೇ ಏಳ್ಬುಡ್ತೀನಿ,” ಎಂದರು. ತೊಟ್ಟಿಗೆ ಜಾರಿಬಿದ್ದೆನೆಂದು ಮನೆಯಲ್ಲಿ ಸುಳ್ಳು ಹೇಳಿದೆ.

ಪುಟಿಯದ ಹಳೆಯ ಚೆಂಡುಗಳಲ್ಲೇ ಅಭ್ಯಾಸ ಮಾಡಿ ಹೋದವಳು, ಮಂಡ್ಯದಲ್ಲಿ ಮೊದಲ ಸುತ್ತಿನಲ್ಲೇ ಸೋತೆ. ಆದರೂ ಆಟ ಮುಂದುವರಿಯಿತು. ಮುಂದೆ ಮಹಿಳಾ ಟೆನಿಸ್ ಸಂಘದ ಕಾರ್ಯದರ್ಶಿಯಾಗಿ ಅನೇಕ ವರ್ಷ ದುಡಿದೆ. ಮದ್ದೂರಿನಲ್ಲೊಮ್ಮೆ ಕೋರ್ಟಿನ ಪಕ್ಕ ತೆರೆದ ಬಾವಿ ಕಂಡು, ಅತಿಥಿಗಳು ಬಂದು ಕುಳಿತಿದ್ದರೂ ಪಂದ್ಯ ನಿಲ್ಲಿಸಿದೆ. ಹಟಮಾರಿ ಹೆಂಗಸು ಎಂದರು. ಕಾಲುವೆಯ ಕಥೆ ನಾನು ಯಾರಿಗೂ ಹೇಳಲಿಲ್ಲ.

ಸಾಬರು ಕೊನೆಯವರೆಗೂ ಮಾತು ಉಳಿಸಿಕೊಂಡರು. ಮಗಳ ಜೀವ ಉಳಿಸಿದವರು ದಿನವೂ ಎದುರಿಗೇ ಓಡಾಡುತ್ತಿದ್ದರೂ ತಂದೆಯವರು ಅವರಿಗೆ ಒಮ್ಮೆಯೂ ಕೈಮುಗಿಯಲಿಲ್ಲ. ನಿಜ ಮುಚ್ಚಿಟ್ಟು, ಕೈಮುಗಿಯಲು ನಾನೇ ಬಿಡಲಿಲ್ಲ. ಆ ನೀರಿನ ಭಯಕ್ಕಿಂತ ಈಗ ನನ್ನನ್ನು ಹೆಚ್ಚು ಕಾಡುವುದು ಅದೇ.